ಹೆಸರಿನ ಮುಂದಿನ ಹಂಗು

ಮಿಸ್ಟರ್, ಮಿಸೆಸ್, ಮಿಸ್, ಮಿಜ್ ಎಂಬವು ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ನಿಲ್ಲುವ ಗೌರವಸೂಚಕಗಳು. ಸರ್, ಮೇಡಂ ಎಂಬವು ಹೆಸರು ಗೊತ್ತಿಲ್ಲದಿದ್ದರೂ ಕರೆಯಲು ಬರುವ ಸಂಬೋಧನೆಗಳು. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಕೋಡ್ಲಾ, ಮಳಖೇಡಗಳಿಂದ ಹಿಡಿದು ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯವರೆಗೆ ಈ ಪದಗಳಲ್ಲಿ ಮಿಜ್ ಒಂದನ್ನು ಬಿಟ್ಟು ಉಳಿದವೆಲ್ಲ ದಿನಬಳಕೆಗೆ ಬಂದಿವೆ. ಸಿಮೆಂಟ್ ಕಾರ್ಖಾನೆಯ ಗೇಟ್ ಪಾಸು, ಬ್ಯಾಂಕಿನ ಅರ್ಜಿ, ದವಾಖಾನೆಯ ಚೀಟಿ, ಇಂಗ್ಲಿಷ್ ಮಾಧ್ಯಮ ಶಾಲೆಯ ಹಾಜರಿ ಪಟ್ಟಿ, ಎಲ್ಲ ಕಡೆ ಅವು ಕಾಣುತ್ತವೆ. ಅವುಗಳ ಪರವಾಗಿ ಓದಿದವರ ನಡುವೆ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ: ಇಂಗ್ಲಿಷಿನ ಗೌರವಪದಕ್ಕೆ ಜಾತಿಯಿಲ್ಲ, ಊರಿಲ್ಲ, ಅದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ; ಯಪ್ಪಾ, ಯವ್ವಾ, ಅಣ್ಣಾ, ಅಕ್ಕಾ, ರೀ ಎಂಬವು ಹಳ್ಳಿಯ ಮಾತು, ಕಚೇರಿಗೆ ಸಲ್ಲದವು. ಈ ಅಭಿಪ್ರಾಯದ ಎರಡು ತುದಿಗಳೂ ತಪ್ಪು. ಇಂಗ್ಲಿಷ್ ಪದಗಳು ಹುಟ್ಟಿದ ಬಗೆಯೇ ಅದಕ್ಕೆ ವಿರುದ್ಧವಾಗಿದೆ. ಈ ಸೀಮೆಯಲ್ಲಿ ಅವು ನಡೆಯುತ್ತಿರುವ ಬಗೆ ಇನ್ನೂ ವಿರುದ್ಧವಾಗಿದೆ.

ಮಿಸ್ಟರ್ ಎಂಬುದು ಮಾಸ್ಟರ್ ಎಂಬುದರ ಸವೆದ ರೂಪ. ಬೇರು ಲ್ಯಾಟಿನ್ನಿನ ಮಗಿಸ್ಟರ್; ಒಡೆಯ, ಮೇಲಾಳು, ಗುರು ಎಂದು ಅರ್ಥ. ಅದೇ ಬೇರು ಪೋರ್ಚುಗೀಸರ ಬಾಯಲ್ಲಿ ಮೆಸ್ತ್ರೆ ಆಗಿ ಇಲ್ಲಿಗೆ ಬಂದು ಮಿಸ್ತ್ರಿ, ಮೇಸ್ತ್ರಿ ಆಯಿತು. ಶಾಲೆಯ ಮಾಸ್ತರನೂ ಅದೇ ಬಳಗದವನು. ಶಹಾಬಾದ್ ಕಲ್ಲಿನ ಫರ್ಸಿ ಹಾಸುವ ಮಿಸ್ತ್ರಿ ಮತ್ತು ಕಚೇರಿಯ ಬಾಗಿಲ ಮೇಲಿನ ಮಿಸ್ಟರ್ ಒಂದೇ ಪದದ ಎರಡು ಕವಲು. ಒಂದು ಕೈಯ ಕೆಲಸ ಬಲ್ಲವನಿಗೆ ಉಳಿಯಿತು, ಇನ್ನೊಂದು ಕುರ್ಚಿಯಲ್ಲಿ ಕೂತವನಿಗೆ ಹೋಯಿತು. ಇಂಗ್ಲೆಂಡಿನಲ್ಲಿಯೂ ಮಿಸ್ಟರ್ ಮೊದಲು ಎಲ್ಲ ಗಂಡಸರಿಗೆ ಸಿಕ್ಕುತ್ತಿದ್ದ ಪದವಲ್ಲ. ಜಮೀನು, ಕಸುಬಿನ ಒಡೆತನ ಅಥವಾ ವಿದ್ಯೆ ಇದ್ದವನಿಗೆ ಸಲ್ಲುತ್ತಿತ್ತು, ಕೂಲಿಯವನನ್ನು ಬರಿ ಹೆಸರಿನಿಂದ ಕರೆಯುತ್ತಿದ್ದರು. ಸರ್ ಎಂಬುದು ಇನ್ನೂ ಎತ್ತರದ್ದು, ನೈಟ್ ಪದವಿಯವರ ಬಿರುದು. ಮೇಡಂ ಫ್ರೆಂಚಿನಿಂದ ಬಂದದ್ದು, 'ನನ್ನ ಒಡತಿ' ಎಂದು ಅದರ ಮೂಲ ಅರ್ಥ. ಎಲ್ಲರನ್ನೂ ಸಮಾನವಾಗಿ ತೂಗುವ ಪದ ಈ ಗುಂಪಿನಲ್ಲಿ ಹುಟ್ಟಿನಿಂದ ಒಂದೂ ಇಲ್ಲ.

ಮಿಸೆಸ್ ಎಂಬುದರ ಚರಿತ್ರೆ ಹೆಚ್ಚು ಗಮನಕ್ಕೆ ತಕ್ಕದ್ದು, ಏಕೆಂದರೆ ಇಲ್ಲಿಯೇ ದೊಡ್ಡ ತಪ್ಪು ತಿಳಿವಳಿಕೆ ಇದೆ. ಅದು ಮಿಸ್ಟ್ರೆಸ್ ಎಂಬುದರ ಚಿಕ್ಕ ರೂಪ. ಹದಿನೇಳನೆಯ ಶತಮಾನದಲ್ಲಿ, ಹದಿನೆಂಟರ ಬಹುಪಾಲಿನಲ್ಲಿ ಅದು ಮದುವೆಯನ್ನು ಹೇಳುತ್ತಿರಲಿಲ್ಲ. ಆಳುಕಾಳು ಇಟ್ಟುಕೊಂಡು ಮನೆ ನಡೆಸುವವಳು, ಅಂಗಡಿ ನಡೆಸುವವಳು, ಸಮಾಜದಲ್ಲಿ ಒಂದು ಸ್ಥಾನ ಇದ್ದವಳು ಮಿಸೆಸ್. ಆಕೆಗೆ ಗಂಡನಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಆ ಪದದೊಳಗೆ ಇರಲಿಲ್ಲ. ಮಿಸ್ ಎಂಬುದು ಚಿಕ್ಕ ಹುಡುಗಿಯರಿಗೆ ಮೀಸಲಾಗಿತ್ತು. ಹದಿನೆಂಟನೆಯ ಶತಮಾನದ ನಡುವಿನಿಂದ ಮೇಲ್ವರ್ಗದ ಪ್ರಾಯದ ಅವಿವಾಹಿತೆಯರನ್ನು ಮಿಸ್ ಎನ್ನುವ ರೂಢಿ ಶುರುವಾಯಿತು. ಹತ್ತೊಂಬತ್ತರಲ್ಲಿ ಮಿಸೆಸ್ ಎಂದರೆ ಮದುವೆಯಾದವಳು, ಮಿಸ್ ಎಂದರೆ ಆಗದವಳು ಎಂಬ ಗೋಡೆ ಗಟ್ಟಿಯಾಯಿತು. ಕರ್ನಾಟಕ ಸರ್ಕಾರ 2023ರಲ್ಲಿ ಗೃಹಲಕ್ಷ್ಮಿ ಯೋಜನೆ ತಂದಾಗ ತಿಂಗಳ 2000 ರೂಪಾಯಿ ಪಡೆಯುವ ಹೆಂಗಸನ್ನು ಮನೆಯ 'ಯಜಮಾನಿ' ಎಂದು ಕರೆಯಿತು. ಮಿಸೆಸ್ ಎಂಬುದರ ಹಳೆಯ ಅರ್ಥಕ್ಕೆ ಕನ್ನಡದಲ್ಲಿ ಅತಿ ಹತ್ತಿರದ ಪದ ಇದೇ. ಗಂಡ ತೀರಿಕೊಂಡವಳೂ ಯಜಮಾನಿ ಆಗುತ್ತಾಳೆ. ಮನೆಯ ಭಾರ ಹೊತ್ತಿರುವುದೇ ಅಲ್ಲಿ ಲೆಕ್ಕ.

ಮಿಸೆಸ್ ಎಂಬುದರ ಅರ್ಥ ಕುಗ್ಗಿದ್ದು ತಾನಾಗಿ ಅಲ್ಲ. ಇಂಗ್ಲೆಂಡಿನ ರೂಢಿಯ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ಗಂಡನಿಂದ ಬೇರೆಯಾದ ಕಾನೂನಿನ ಅಸ್ತಿತ್ವ ಇರಲಿಲ್ಲ. ಆಕೆಯ ಆಸ್ತಿ, ಗಳಿಕೆ ಅವನ ಕೈಗೆ ಹೋಗುತ್ತಿತ್ತು. ಸ್ವಂತ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳುವ ಪೂರ್ತಿ ಹಕ್ಕು ಆಕೆಗೆ ಸಿಕ್ಕದ್ದು 1882ರ ವಿವಾಹಿತೆಯರ ಆಸ್ತಿ ಕಾಯ್ದೆಯಿಂದ. ಆ ಕಾಲದ ಸಭ್ಯ ಪದ್ಧತಿಯಲ್ಲಿ ಹೆಂಡತಿಯನ್ನು ಮಿಸೆಸ್ ಎಂದು ಬರೆದು ಮುಂದೆ ಗಂಡನ ಪೂರ್ತಿ ಹೆಸರನ್ನೇ ಬರೆಯುತ್ತಿದ್ದರು. ಆಕೆಯ ಹೆಸರು ಲಕೋಟೆಯ ಮೇಲೆ ಎಲ್ಲಿಯೂ ಇರುತ್ತಿರಲಿಲ್ಲ. ಗಂಡಸಿನ ಮಿಸ್ಟರ್ ಮಾತ್ರ ಮದುವೆಯ ಮುಂಚೆಯೂ ಆಮೇಲೂ, ಹೆಂಡತಿ ಸತ್ತ ಮೇಲೂ ಒಂದೇ ತೆರನಾಗಿ ನಿಂತಿತು. ಒಬ್ಬಳನ್ನು ಕರೆಯುವ ಮೊದಲು ಅವಳ ಮದುವೆಯ ಲೆಕ್ಕ ಕೇಳಬೇಕು, ಒಬ್ಬನನ್ನು ಕರೆಯಲು ಏನೂ ಕೇಳಬೇಕಿಲ್ಲ: ಇದನ್ನು ಸಮಾನತೆಯ ಪದ್ಧತಿ ಎಂದು ಕರೆಯಲು ಬರುವುದಿಲ್ಲ.

ಇಂಗ್ಲಿಷ್ ಆಡುವವರೇ ಇದನ್ನು ಬಹಳ ಹಿಂದೆ ಕಂಡರು. ಅಮೆರಿಕದ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಪತ್ರಿಕೆಯೊಂದು 1901ರ ನವೆಂಬರಿನಲ್ಲಿಯೇ, ಮದುವೆಯಾದವರಿಗೂ ಆಗದವರಿಗೂ ಸಲ್ಲುವ ಮಿಜ್ ಎಂಬ ಪದವನ್ನು ಸೂಚಿಸಿತು. ಅದು ಆಗ ಬೇರು ಬಿಡಲಿಲ್ಲ. 1961ರಲ್ಲಿ ಶೀಲಾ ಮೈಕೆಲ್ಸ್ ಎಂಬ ಹೋರಾಟಗಾರ್ತಿ ಅಂಚೆಯಲ್ಲಿ ಬಂದ ಪತ್ರಿಕೆಯ ವಿಳಾಸದ ಚೀಟಿಯ ಮೇಲೆ ಆ ಅಕ್ಷರಗಳನ್ನು ಕಂಡು, ಅದನ್ನು ಬಳಕೆಗೆ ತರಲು ವರ್ಷಗಟ್ಟಲೆ ದುಡಿದರು. 1972ರಲ್ಲಿ ಅಮೆರಿಕ ಸರ್ಕಾರದ ಮುದ್ರಣ ಕಚೇರಿ ಅದನ್ನು ಒಪ್ಪಿತು. ನ್ಯೂಯಾರ್ಕ್ ಟೈಮ್ಸ್ ಒಪ್ಪಿದ್ದು 1986ರಲ್ಲಿ. ಪಶ್ಚಿಮ ಜರ್ಮನಿಯಲ್ಲಿ ಅವಿವಾಹಿತೆಯನ್ನು ಕರೆಯುವ ಫ್ರಾಯ್ಲೈನ್ ಎಂಬ ಪದ 1972ರಲ್ಲಿ ಕಚೇರಿ ಬಳಕೆಯಿಂದ ಹೋಯಿತು. ಫ್ರಾನ್ಸಿನಲ್ಲಿ 2012ರ ಫೆಬ್ರವರಿಯ ಸುತ್ತೋಲೆ ಮದ್ಮ್ವಾಸೆಲ್ ಎಂಬುದನ್ನು ಸರ್ಕಾರಿ ನಮೂನೆಗಳಿಂದ ತೆಗೆಸಿತು. ಯುರೋಪು, ಅಮೆರಿಕ ಹೀಗೆ ಕೆಳಗಿಳಿಸಿದ ಹೊರೆಯನ್ನೇ ಸೇಡಂ, ಚಿತ್ತಾಪುರದ ಅರ್ಜಿ ನಮೂನೆಗಳು ಆಧುನಿಕತೆಯೆಂದು ಹೊತ್ತುಕೊಂಡಿವೆ. ಆ ನಮೂನೆಗಳಲ್ಲಿ ಗಂಡಸಿಗೆ ಒಂದು ಚೌಕ, ಹೆಂಗಸಿಗೆ ಎರಡು. ಮಿಜ್ ಎಂಬ ಮೂರನೆಯದು ಮುದ್ರಣವಾಗಿದ್ದರೂ ಅದು ಮಿಸ್ ಎಂಬುದರ ಇನ್ನೊಂದು ಕಾಗುಣಿತವೆಂದು ಬಗೆಯುವವರೇ ಹೆಚ್ಚು.

ಈ ಸೀಮೆಗೆ ಇಂಗ್ಲಿಷ್ ಗೌರವಪದ ಬಂದದ್ದು ತಡವಾಗಿ, ಇನ್ನೊಂದು ಗೌರವ ವ್ಯವಸ್ಥೆಯ ಮೇಲೆ. ಸೇಡಂ, ಚಿಂಚೋಳಿ, ಚಿತ್ತಾಪುರಗಳು 1948ರ ಸೆಪ್ಟೆಂಬರ್ ತನಕ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆಸಫಜಾಹಿ ದರ್ಬಾರಿನಲ್ಲಿ ಜಂಗ್, ದೌಲಾ, ಮುಲ್ಕ್, ಉಮ್ರಾ ಎಂದು ಬಿರುದುಗಳ ಮೆಟ್ಟಿಲೇ ಇತ್ತು. ಊರಿನಲ್ಲಿ ಗೌಡ, ದೇಸಾಯಿ, ದೇಶಮುಖ, ಕುಲಕರ್ಣಿ, ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಹುದ್ದೆಗಳಿದ್ದವು. ಹುದ್ದೆ ಹೋದ ಮೇಲೆ ಅವು ಮನೆತನದ ಹೆಸರಾಗಿ ಉಳಿದವು. ಚಿಂಚೋಳಿಯಲ್ಲಿ ಹುಟ್ಟಿ ಎರಡು ಬಾರಿ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರ ಹೆಸರಿನ ತುದಿಯಲ್ಲಿರುವುದೂ ಅಂಥದೊಂದು ಹುದ್ದೆಯೇ. ಮಿಸ್ಟರ್ ಮಾಲಿಪಾಟೀಲ ಎಂದಾಗ ಒಂದು ಪದವಿಯ ಮೇಲೆ ಇನ್ನೊಂದು ಪದವಿ ಕೂರುತ್ತದೆ. ಅಧಿಕಾರಿಗೆ ಆಗ ಸಾಹೇಬ್ ಎಂಬುದೇ ಪದ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಮಾರ್ಗ ತೆರೆದದ್ದು 1874ರಲ್ಲಿ. ಆಮೇಲೆ ಶಹಾಬಾದಿನಲ್ಲಿ, ವಾಡಿಯಲ್ಲಿ, ಮಳಖೇಡ ಮತ್ತು ಸೇಡಮಿನಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ಕೋಡ್ಲಾದ ಸುಣ್ಣಕಲ್ಲಿನ ನೆಲಕ್ಕೂ ಕಾರ್ಖಾನೆ ಬಂತು. ರೈಲು ಮತ್ತು ಕಾರ್ಖಾನೆಗಳ ಮೂಲಕ ಸಾಹೇಬ್ ಎಂಬುದರ ಜಾಗಕ್ಕೆ ಸರ್ ಬಂದು ಕೂತಿತು. ಜಾಗ ಅದೇ, ಕೂತವನೂ ಅವನೇ, ತಲೆ ತಗ್ಗಿಸುವವನೂ ಅವನೇ. ಪದವೊಂದು ಬದಲಾದದ್ದನ್ನು ಸಮಾಜ ಬದಲಾಯಿತು ಎಂದು ಓದುವುದರಲ್ಲಿಯೇ ಈ ಅಭಿಪ್ರಾಯದ ಮೊದಲ ಎಡವು ಇದೆ.

ಬ್ರಿಟಿಷ್ ಆಡಳಿತದ ಭಾಗಗಳಲ್ಲಿಯೂ ಮಿಸ್ಟರ್ ಸಮಾನತೆಯ ಪದವಾಗಿರಲಿಲ್ಲ. ಯುರೋಪಿಯನ್ನರಿಗೆ, ವಿಲಾಯತಿಗೆ ಹೋಗಿ ಬಂದ ಬ್ಯಾರಿಸ್ಟರರಿಗೆ ಮಿಸ್ಟರ್; ಉಳಿದ ಭಾರತೀಯರಿಗೆ ಬಾಬು, ಮುನ್ಷಿ, ಲಾಲಾ. ಮದರಾಸು ಪ್ರಾಂತ್ಯದ ಕಾಗದಗಳಲ್ಲಿ ಮ.ರಾ.ರಾ. ಎಂಬ ಅಕ್ಷರಗಳೂ ಮುಂಬಯಿ ಕರ್ನಾಟಕದಲ್ಲಿ ರಾ.ರಾ. ಎಂಬವೂ ದೇಶೀಯರಿಗಾಗಿ ಬೇರೆಯೇ ಇದ್ದವು. ಸ್ವಾತಂತ್ರ್ಯದ ಬಳಿಕ ಸರ್ಕಾರ ಮಿಸ್ಟರ್, ಮಿಸೆಸ್ ಬದಲು ಶ್ರೀ, ಶ್ರೀಮತಿ ಬಳಸತೊಡಗಿತು. ಇದು ಸ್ವದೇಶಿ ನಡೆಯಂತೆ ಕಂಡರೂ ಒಳಗೆ ಇಂಗ್ಲಿಷ್ ಚೌಕಟ್ಟೇ ಉಳಿಯಿತು. ಶ್ರೀಮತಿ ಎಂಬುದು ಶ್ರೀಮಾನ್ ಎಂಬುದರ ಸ್ತ್ರೀಲಿಂಗ ರೂಪ ಮಾತ್ರ. ಸಿರಿಯುಳ್ಳವಳು ಎಂದು ಅರ್ಥ. ಮದುವೆ ಆ ಪದದ ಯಾವ ಮೂಲೆಯಲ್ಲಿಯೂ ಇಲ್ಲ. ಕುಮಾರಿ ಎಂದರೆ ಎಳೆಯ ಹುಡುಗಿ. ಮಿಸೆಸ್ ಎಂಬುದಕ್ಕೆ ಶ್ರೀಮತಿ, ಮಿಸ್ ಎಂಬುದಕ್ಕೆ ಕುಮಾರಿ ಎಂದು ಜೋಡಿ ಕಟ್ಟಿದ್ದು ಅನುವಾದ. ಆ ಅನುವಾದದಲ್ಲಿ ಐವತ್ತು ವರ್ಷದ ಪ್ರಾಧ್ಯಾಪಕಿ ಮದುವೆಯಾಗದಿದ್ದರೆ ಇಂದಿಗೂ ಕುಮಾರಿ. ಐವತ್ತು ವರ್ಷದ ಬ್ರಹ್ಮಚಾರಿಯನ್ನು ಯಾವ ಕಚೇರಿಯೂ ಕುಮಾರ ಎಂದು ಬರೆಯುವುದಿಲ್ಲ. ಇದನ್ನು ಭಾರತೀಯ ಸಂಸ್ಕೃತಿ ಎಂದು ಸಮರ್ಥಿಸುವವರು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡನ್ನು ಸಮರ್ಥಿಸುತ್ತಿದ್ದಾರೆ.

ಮಿಸೆಸ್ ಪದ ಕನ್ನಡದ ಮಾತಿನೊಳಗೆ ಇಳಿದ ರೀತಿ ಇದನ್ನೇ ಹೇಳುತ್ತದೆ. 'ಅವ್ರ ಮಿಸೆಸ್', 'ನಮ್ಮ ಮಿಸ್ಟರ್' ಎಂದರೆ ಇಲ್ಲಿ ಹೆಂಡತಿ, ಗಂಡ. ಇಂಗ್ಲಿಷಿನ ಹೆಸರು ಕಳಚಿ ಬಿತ್ತು, ಯಾರು ಯಾರವರು ಎಂಬ ಸಂಬಂಧ ಮಾತ್ರ ಉಳಿಯಿತು. ಶ್ರೀಮತಿಯ ಗತಿಯೂ ಅದೇ: 'ನನ್ನ ಶ್ರೀಮತಿ' ಎಂಬುದು ಭಾಷಣಗಳ ಮಾತಾಗಿದೆ. ಈ ಭಾಗದ ಮನೆಮಾತಿನಲ್ಲಿ ಇದಕ್ಕೆ 'ನಮ್ಮ ಮನಿಯವ್ರು' ಎಂಬ ಮಾತಿದೆ. ಅದನ್ನು ಗಂಡ ಹೆಂಡತಿಯ ಬಗ್ಗೆಯೂ ಹೆಂಡತಿ ಗಂಡನ ಬಗ್ಗೆಯೂ ಆಡಬಹುದು. ಬಹುವಚನದ ಗೌರವ ಇಬ್ಬರಿಗೂ ಒಂದೇ.

ಕನ್ನಡದ ಗೌರವ ಹೆಸರಿನ ಮುಂದೆ ನಿಲ್ಲುವುದಿಲ್ಲ. ಅದು ಹೆಸರಿನ ಬಾಲದಲ್ಲಿ, ಕ್ರಿಯಾಪದದ ತುದಿಯಲ್ಲಿ, ಮಾತಿನ ನಡುವಿನ ರೀ ಎಂಬ ಒಂದಕ್ಷರದಲ್ಲಿ ಇರುತ್ತದೆ. ಬನ್ನಿರಿ, ಹೇಳಿರಿ ಎಂಬ ಬಹುವಚನದ ವಿಧಿರೂಪದಲ್ಲಿರುವ ಇರಿ ಪ್ರತ್ಯಯವೇ ಕಳಚಿಕೊಂಡು ರೀ ಆಗಿ, ಉತ್ತರ ಕರ್ನಾಟಕದಲ್ಲಿ ಎಲ್ಲ ಮಾತಿಗೂ ಹತ್ತಿಕೊಂಡಿತು: ಬರ್ರಿ, ಕೂಡ್ರಿ, ಹೌದ್ರಿ, ಇಲ್ರಿ, ಯಾಕ್ರಿ. ಈ ರೀ ಗಂಡಿಗೊಂದು ಹೆಣ್ಣಿಗೊಂದು ಆಗಿ ಒಡೆಯುವುದಿಲ್ಲ. ಮದುವೆ, ವಯಸ್ಸು, ಸಂಬಳ ಯಾವುದನ್ನೂ ಕೇಳುವುದಿಲ್ಲ. ಹೆಸರು ಗೊತ್ತಿರದಿದ್ದರೂ ಸಲ್ಲುತ್ತದೆ. ಇಂಗ್ಲಿಷ್ ಭಾಷೆ ನೂರು ವರ್ಷ ಹುಡುಕಿ ಮಿಜ್ ಎಂಬ ಪದದಲ್ಲಿ ಅರೆಬರೆ ಪಡೆದ ಗುಣ ಕೋಡ್ಲಾದ ಸಂತೆಯ ಮಾತಿನಲ್ಲಿ ಇಡಿಯಾಗಿ ಇದೆ. ಸರ್ ಎಂಬುದು ಬಂದ ಮೇಲೂ ರೀ ಹೋಗಲಿಲ್ಲ ಎಂಬುದು ಅದರ ಬಲಕ್ಕೆ ಸಾಕ್ಷಿ. ಕಾರ್ಖಾನೆಯ ಗೇಟಿನಲ್ಲಿ ಕೇಳುವುದು 'ಹೂಂ ರೀ ಸರ್', 'ಇಲ್ರಿ ಮೇಡಂ'. ಬರಿ ಸರ್ ಎಂದರೆ ಗೌರವ ತುಂಬಲಿಲ್ಲ ಎಂದು ನಾಲಿಗೆಗೆ ಗೊತ್ತು; ಅದಕ್ಕೆ ರೀ ಸೇರಿಸುತ್ತದೆ. ಶರಣಪ್ಪ ಸರ್, ಸುಜಾತಾ ಮೇಡಂ ಎಂದು ಇಂಗ್ಲಿಷ್ ಪದವನ್ನು ಹೆಸರಿನ ಹಿಂದಕ್ಕೆ ಎಳೆದದ್ದೂ ಕನ್ನಡದ ವ್ಯಾಕರಣವೇ. ಇಂಗ್ಲಿಷ್ ನಿಯಮದಂತೆ ಮಿಸ್ಟರ್ ಮನೆತನದ ಹೆಸರಿಗೆ ಹತ್ತಬೇಕು. ಮನೆತನದ ಹೆಸರಿಲ್ಲದೆ ತಂದೆಯ ಹೆಸರನ್ನೇ ಎರಡನೆಯದಾಗಿ ಇಟ್ಟುಕೊಂಡಿರುವ ಸಾವಿರಾರು ಜನ ಇರುವ ಸೀಮೆಯಲ್ಲಿ ಆ ನಿಯಮ ಪಾಲಿಸಿದರೆ ಮಗನನ್ನು ಕರೆದಾಗ ಅಪ್ಪ ತಿರುಗಿ ನೋಡಬೇಕಾಗುತ್ತದೆ. ಕೋಡ್ಲಾ ಇರುವ ತಾಲ್ಲೂಕಿನಲ್ಲಿಯೇ ಇರುವ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗ ಒಗ್ಗದ ಎರಡು ಭಾಷೆಯ ಪದಗಳನ್ನು ಸಮಾಸ ಮಾಡುವುದನ್ನು ದೋಷವೆಂದು ಎಣಿಸಿತು. ಮಿಸ್ಟರ್ ಶರಣಪ್ಪ ಎಂಬುದು ಅಂಥ ಒಗ್ಗದ ಜೋಡಣೆ. ಅದರಲ್ಲಿ ಅಪ್ಪ ಎಂಬ ಗೌರವ ಆಗಲೇ ಕೂತಿದೆ.

ಹೆಸರಿನ ಬಾಲದ ಈ ಪದ್ಧತಿಗೆ ಹಳೆಯ ಬೇರುಗಳಿವೆ. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಯಿಸಿದ ಅತ್ತಿಮಬ್ಬೆ ಗಂಡನನ್ನು ಕಳೆದುಕೊಂಡವಳು. ಆಕೆಯ ಹೆಸರಿನ ತುದಿಯ ಅಬ್ಬೆ ತಾಯಿ ಎಂಬ ಗೌರವ. ಆಕೆಯ ಬಿರುದು ದಾನಚಿಂತಾಮಣಿ. ಒಂದು ಹುಟ್ಟಿನೊಂದಿಗೆ ಬಂತು, ಇನ್ನೊಂದು ಮಾಡಿದ ಕೆಲಸದಿಂದ ಬಂತು. ವೈಧವ್ಯ ಎರಡನ್ನೂ ಮುಟ್ಟಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದು ಇನ್ನೂ ದೂರ ಹೋಯಿತು. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವ. ಕಸುಬು ಮುಂದೆ ಬಚ್ಚಿಡದೆ ನಿಂತಿದೆ. ಗೌರವ ಹಿಂದೆ ಎಲ್ಲರಿಗೂ ಸಮವಾಗಿ ಹತ್ತಿದೆ. ಅರಮನೆ ಬಿಟ್ಟು ಬಂದ ಮಹಾದೇವಿ ಯಾರ ಹೆಂಡತಿ ಎಂಬುದನ್ನು ಹೆಸರು ಹೇಳುವುದಿಲ್ಲ, ಅಕ್ಕ ಎನ್ನುತ್ತದೆ. ಭಂಡಾರಿ ಪದವಿಯಲ್ಲಿದ್ದ ಬಸವಣ್ಣನ ಹೆಸರಿನಲ್ಲಿಯೂ ಉಳಿದದ್ದು ಅಣ್ಣ. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಗಳನ್ನು ಜನ ಕರೆಯುವುದು ಅಪ್ಪ ಎಂದು. ಅದೇ ಊರಿನಲ್ಲಿ 1422ರಲ್ಲಿ ತೀರಿಕೊಂಡ ಸೂಫಿ ಸಂತನನ್ನು ಕರೆಯುವುದು ಬಂದೇನವಾಜ್ ಎಂದು. ಈ ಹೆಸರುಗಳನ್ನು ಯಾವ ದರ್ಬಾರೂ ಕೊಟ್ಟದ್ದಲ್ಲ, ಕರೆಯುವವರು ಕೊಟ್ಟದ್ದು.

ಈ ಸೀಮೆಯ ಉಳಿದ ಭಾಷೆಗಳೂ ಇದೇ ದಾರಿಯವು. ಚಿಂಚೋಳಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಹೆಂಗಸರ ಹೆಸರು ಬಾಯಿ ಎಂದು ಮುಗಿಯುತ್ತದೆ, ಮುಸ್ಲಿಂ ಮನೆಗಳಲ್ಲಿ ಬಿ ಅಥವಾ ಬೇಗಂ ಎಂದು, ತೆಲುಗಿನಲ್ಲಿ ಗಾರು ಹತ್ತುತ್ತದೆ. ಶ್ರೀಮತಿ ಶಾಂತಾಬಾಯಿ, ಮಿಸೆಸ್ ಹುಸೇನ್‌ಬಿ ಎಂದು ಬರೆಯುವ ಗುಮಾಸ್ತ ಗೌರವದ ಮೇಲೆ ಗೌರವ ಹೇರುತ್ತಾನೆ, ಆದರೆ ಮೊದಲಿನದ್ದು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಪರಿಚಯವಿಲ್ಲದವರನ್ನು ಕರೆಯಲು ಬಂಧುವಾಚಕಗಳಿವೆ: ಮುತ್ಯಾ, ಕಾಕಾ, ಯಣ್ಣಾ, ತಮ್ಮಾ, ಆಯಿ, ಯವ್ವಾ, ಯಕ್ಕಾ. ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸನ್ನು ಯಕ್ಕಾ ಎನ್ನಲು ಆಕೆಯ ಕೊರಳಲ್ಲಿ ತಾಳಿ ಇದೆಯೇ ಎಂದು ನೋಡಬೇಕಿಲ್ಲ. ಈ ಪದಗಳು ವಯಸ್ಸನ್ನು ಅಂದಾಜು ಮಾಡುತ್ತವೆ, ಅಷ್ಟೇ.

ಇಂಗ್ಲಿಷ್ ಪದಗಳ ಪರವಾದ ವಾದಗಳಲ್ಲಿ ತೂಕವುಳ್ಳದ್ದು ಒಂದೇ, ಜಾತಿಯದು. ಅದನ್ನು ಹಗುರವಾಗಿ ತಳ್ಳುವುದು ಅನ್ಯಾಯ. ಹೆಸರಿನ ಬಾಲದಲ್ಲಿ ಗೌರವ ಇರುವ ಭಾಷೆಯಲ್ಲಿ ಬಾಲ ಕತ್ತರಿಸಿದರೆ ಅವಮಾನ. ಈ ಊರುಗಳಲ್ಲಿ ದಲಿತರಿಗೆ, ಕೂಲಿಯವರಿಗೆ ಅದನ್ನು ತಲೆಮಾರುಗಟ್ಟಲೆ ಮಾಡಲಾಯಿತು. ಮಲ್ಲಪ್ಪ ಮಲ್ಲ್ಯಾ ಆದ, ಶರಣಪ್ಪ ಶರಣ್ಯಾ, ಹಣಮಂತ ಹಣಮ್ಯಾ. ನಾಗಮ್ಮ ನಾಗಿ ಆದಳು. ಗೌಡರ ಮನೆಯ ಐದು ವರ್ಷದ ಹುಡುಗ ಅರವತ್ತರ ಆಳನ್ನು ಹೀಗೆ ಕೂಗಬಹುದಿತ್ತು, ಆಳು ಆ ಹುಡುಗನಿಗೆ ರೀ ಹಚ್ಚಬೇಕಿತ್ತು. ಯಕ್ಕಾ, ಯಣ್ಣಾ ಎಂಬ ಬಂಧುತ್ವವೂ ಕೇರಿಯ ಗಡಿಯಲ್ಲಿ ನಿಲ್ಲುತ್ತಿತ್ತು. ಈ ಹಿನ್ನೆಲೆಯಲ್ಲಿ, ಓದಿ ತಹಸೀಲ್ದಾರನಾಗಿ ಬಂದ ದಲಿತ ಯುವಕನನ್ನು ಅದೇ ಗೌಡ ಸರ್ ಎಂದು ಕರೆಯಬೇಕಾದಾಗ ಆ ಪದ ಬಿಡುಗಡೆಯಂತೆ ಕೇಳಿದರೆ ಆಶ್ಚರ್ಯವಿಲ್ಲ.

ಆದರೆ ಆ ಸರ್ ಸಲ್ಲುವುದು ಯಾರಿಗೆ ಎಂದು ನೋಡಬೇಕು. ಅದು ಕುರ್ಚಿಗೆ ಸಲ್ಲುತ್ತದೆ. ತಹಸೀಲ್ದಾರ ಸರ್ ಆದ ದಿನವೂ ಊರಿನಲ್ಲಿ ಅವನ ಅಪ್ಪ ಮಲ್ಲ್ಯಾ ಆಗಿಯೇ ಉಳಿಯಬಹುದು. ಸರ್ ಎಂಬ ಪದ ಆ ಅಪ್ಪನಿಗೆ ಏನೂ ಮಾಡಲಾರದು, ಏಕೆಂದರೆ ಅವನಿಗೆ ಹುದ್ದೆಯಿಲ್ಲ. ಕಾರ್ಖಾನೆಯಲ್ಲಿ ಇದು ದಿನವೂ ಕಾಣುತ್ತದೆ. ಗುತ್ತಿಗೆ ಕೂಲಿ ಎಂಜಿನಿಯರನಿಗೆ ಸರ್ ಅನ್ನುತ್ತಾನೆ, ಎಂಜಿನಿಯರ್ ಕೂಲಿಯನ್ನು ಬಾಲ ಕತ್ತರಿಸಿದ ಹೆಸರಿನಿಂದ ಕೂಗುತ್ತಾನೆ. ಸರ್ ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವ ಪದ. ಇಬ್ಬರು ಪರಸ್ಪರ ಆಡದ ಗೌರವಪದ ಸಮಾನತೆಯನ್ನು ತರಲಾರದು. ರೀ ಅಂಥದ್ದಲ್ಲ, ಅದನ್ನು ಇಬ್ಬರೂ ಆಡಬಹುದು, ಎಂಜಿನಿಯರ್ ಕೂಲಿಗೆ 'ಬರ್ರಿ ಮಲ್ಲಪ್ಪ' ಎಂದರೆ ಭಾಷೆ ಎಲ್ಲಿಯೂ ಮುಕ್ಕಾಗುವುದಿಲ್ಲ. ಕಿತ್ತುಕೊಂಡದ್ದು ಮಲ್ಲಪ್ಪನ ಅಪ್ಪ ಎಂಬ ಬಾಲ, ಕೊಡದೆ ಉಳಿಸಿಕೊಂಡದ್ದು ರೀ. ಆ ಎರಡನ್ನೇ ಮರಳಿ ಕೊಡಬೇಕು. ಅಂಬೇಡ್ಕರರನ್ನು ಕೋಟಿ ಜನ ಮಿಸ್ಟರ್ ಎಂದು ನೆನೆಯುವುದಿಲ್ಲ, ಬಾಬಾಸಾಹೇಬ ಎಂದು ನೆನೆಯುತ್ತಾರೆ. ಆ ಹೆಸರನ್ನು ಅವರ ಜನರೇ ತಮ್ಮ ಮಾತಿನಿಂದ ಎತ್ತಿಕೊಟ್ಟರು. ಅವರು ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದ 18ನೆಯ ವಿಧಿ ಸೇನೆ ಮತ್ತು ವಿದ್ಯೆಯ ಪದವಿಗ‌ಳನ್ನು ಬಿಟ್ಟು ಉಳಿದ ಯಾವ ಬಿರುದನ್ನೂ ರಾಜ್ಯ ಕೊಡಕೂಡದು ಎಂದು ಹೇಳುತ್ತದೆ. ಜಂಗ್, ದೌಲಾಗಳನ್ನು ಕಂಡಿದ್ದ ಸೀಮೆಗೆ ಆ ವಿಧಿಯ ಅರ್ಥ ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು.

ಸರ್ ಎಂಬುದು ಕುರ್ಚಿಗೆ ಸಲ್ಲುವ ಪದ ಎಂಬುದನ್ನು ಕೇರಳದಲ್ಲಿ ಒಂದು ಪಂಚಾಯಿತಿ ಕಂಡುಕೊಂಡಿತು. ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಗ್ರಾಮ ಪಂಚಾಯಿತಿ 2021ರಲ್ಲಿ ತನ್ನ ಕಚೇರಿಯಲ್ಲಿ ಸರ್, ಮೇಡಂ ಎಂಬ ಪದಗಳನ್ನು ಕೈಬಿಡುವ ನಿರ್ಣಯ ಮಾಡಿತು. ಕೆಲಸಕ್ಕೆ ಬಂದ ಜನ ಸಿಬ್ಬಂದಿಯನ್ನು ಹೆಸರಿನಿಂದಲೋ ಹುದ್ದೆಯಿಂದಲೋ ಕರೆಯಬಹುದು ಎಂದಿತು. ಅರ್ಜಿ ಹಿಡಿದು ನಿಂತವನು ಕಚೇರಿಯ ಒಡೆಯ, ಕುರ್ಚಿಯಲ್ಲಿ ಕೂತವನು ಅವನ ಸೇವಕ ಎಂಬ ಸರಳ ಮಾತು ಅದರ ಹಿಂದಿತ್ತು. ಅಲ್ಲಿ ಕಚೇರಿ ಕೆಲಸ ನಿಂತುಹೋಗಲಿಲ್ಲ.

ಶಾಲೆಯ ಸರ್, ಮಿಸ್ ಜೋಡಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಇಂಗ್ಲೆಂಡಿನ ಬಹಳಷ್ಟು ಶಾಲೆಗಳಲ್ಲಿ ಮದುವೆಯಾದ ಶಿಕ್ಷಕಿಯನ್ನು ಕೆಲಸದಿಂದ ತೆಗೆಯುವ ನಿಯಮವಿತ್ತು; ಅದು ಹೋದದ್ದು 1944ರ ಶಿಕ್ಷಣ ಕಾಯ್ದೆಯಿಂದ. ಶಿಕ್ಷಕಿ ಎಂದರೆ ಅವಿವಾಹಿತೆಯೇ ಆಗಿದ್ದ ಕಾಲದ ಮಿಸ್ ನಿಯಮ ಹೋದ ಮೇಲೂ ಉಳಿಯಿತು. ಅದೇ ಇಲ್ಲಿನ ಖಾಸಗಿ ಶಾಲೆಗಳಿಗೆ ಬಂತು. ಗಂಡು ಶಿಕ್ಷಕನಿಗೆ ನೈಟರ ಬಿರುದು, ಪಕ್ಕದ ಕೋಣೆಯಲ್ಲಿ ಅದೇ ಪಾಠ ಮಾಡುವ, ಎರಡು ಮಕ್ಕಳ ತಾಯಿಗೆ ಚಿಕ್ಕ ಹುಡುಗಿಯ ಪದ. ಮಕ್ಕಳು ಆರನೆಯ ವಯಸ್ಸಿನಿಂದಲೇ ಈ ಏರುಪೇರನ್ನು ದಿನಕ್ಕೆ ಹತ್ತಾರು ಸಲ ಉಚ್ಚರಿಸುತ್ತವೆ. ಕೇರಳದ ಮಕ್ಕಳ ಹಕ್ಕುಗಳ ಆಯೋಗ 2023ರ ಜನವರಿಯಲ್ಲಿ ಗಂಡು ಹೆಣ್ಣೆನ್ನದೆ ಎಲ್ಲರನ್ನೂ ಟೀಚರ್ ಎನ್ನಬೇಕೆಂದು ಹೇಳಿತು. ಉತ್ತರ ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಗುರುಗಳು, ಅಕ್ಕೋರು ಎಂಬ ಪದಗಳು ಬಹುಕಾಲ ನಡೆದವು. ಅಕ್ಕೋರು ಎಂಬುದರಲ್ಲಿ ಅಕ್ಕನ ಸಲಿಗೆಯೂ ಬಹುವಚನದ ಮನ್ನಣೆಯೂ ಕೂಡಿವೆ. ಅದನ್ನು ಬಿಟ್ಟು ಮಿಸ್ ಹಿಡಿದದ್ದರಿಂದ ಶಿಕ್ಷಕಿಯರಿಗೆ ಏನು ಹೆಚ್ಚಿತು ಎಂದು ಕೇಳಿದರೆ ಉತ್ತರ ಸಿಕ್ಕುವುದಿಲ್ಲ.

ಕನ್ನಡದ್ದೆಲ್ಲ ನಿರ್ದೋಷಿ ಎಂಬುದು ಇಲ್ಲಿನ ವಾದವಲ್ಲ. ಲಗ್ನಪತ್ರಿಕೆಯ ಚಿ. ಕುಂ. ಸೌ. ಎಂಬ ಮೂರು ಅಕ್ಷರಗಳಲ್ಲಿ ಕುಂಕುಮ, ಸೌಭಾಗ್ಯಗಳು ಇವೆ. ಅವು ವಧುವಿಗೆ ಮಾತ್ರ, ಗಂಡ ಸತ್ತ ದಿನ ಅವಳಿಂದ ಕಳಚುತ್ತವೆ. ಇದು ಮಿಸೆಸ್ ಎಂಬುದಕ್ಕಿಂತ ಕಠಿಣ. ಕಲಬುರಗಿ ಜಿಲ್ಲೆಯ ಠಾಣೆ, ಕಂದಾಯದ ಕಾಗದಗಳಲ್ಲಿ ಗಂಡಸಿನ ಹೆಸರಾದ ಮೇಲೆ 'ತಂದೆ' ಎಂದು ಬರೆದು ಅಪ್ಪನ ಹೆಸರು, ಹೆಂಗಸಿನ ಹೆಸರಾದ ಮೇಲೆ 'ಗಂಡ' ಎಂದು ಬರೆದು ಅವನ ಹೆಸರು ಬರುತ್ತದೆ: ಶರಣಪ್ಪ ತಂದೆ ಬಸಣ್ಣ, ಮಲ್ಲಮ್ಮ ಗಂಡ ಶರಣಪ್ಪ. ಗಂಡಸು ಸಾಯುವ ತನಕ ಅಪ್ಪನ ಮಗ, ಹೆಂಗಸು ಮದುವೆಯಾದಂದು ಕೈ ಬದಲಾಗುತ್ತಾಳೆ. ಹೆಂಗಸನ್ನು ಇನ್ನೊಬ್ಬರ ಹೆಸರಿನಿಂದ ಗುರುತಿಸುವ ಈ ಅಭ್ಯಾಸ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 1951-52ರ ಮೊದಲ ಮಹಾಚುನಾವಣೆ ತೋರಿಸಿತು. ಉತ್ತರದ ಹಲವು ರಾಜ್ಯಗಳಲ್ಲಿ ಹೆಂಗಸರು ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಹೆಸರೆಂದು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಮತದಾರರ ಪಟ್ಟಿಯಿಂದ ಹೊರಬಿದ್ದರು. ಹೆಸರು ಹೇಳದೆ ಸಂಬಂಧ ಹೇಳುವ ಪದ್ಧತಿಗೆ ಲಕ್ಷಗಟ್ಟಲೆ ಮತಗಳೇ ಬೆಲೆಯಾಗಿ ಹೋದವು. ದೇಶೀಯ ಪದ್ಧತಿ ಈ ಕೆಲಸ ಮಾಡಿದ ಕಡೆ ಅದನ್ನೂ ಬಿಡಬೇಕು; ಮಿಸೆಸ್ ಹೋಗಬೇಕಾದ ಕಾರಣಕ್ಕೇ ಸೌ. ಕೂಡ ಹೋಗಬೇಕು.

ಗಂಡು ಹೆಣ್ಣು ಎಂಬ ಎರಡು ಖಾನೆಗಳಲ್ಲಿ ಹಿಡಿಸದವರಿಗೆ ಇಂಗ್ಲಿಷ್ ಪದ್ಧತಿ ಇನ್ನೂ ಇಕ್ಕಟ್ಟು. ಸುಪ್ರೀಂ ಕೋರ್ಟು 2014ರ ಏಪ್ರಿಲಿನಲ್ಲಿ ಮೂರನೆಯ ಲಿಂಗವನ್ನು ಮಾನ್ಯ ಮಾಡಿತು. ಇಂಗ್ಲಿಷಿನಲ್ಲಿ ಲಿಂಗ ಹೇಳದ ಮಿಕ್ಸ್ ಎಂಬ ಹೊಸ ಪದ 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೆ ಸೇರಿತು. ಆ ಸಮುದಾಯದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಅವರಿಗೆ ಹೊಸ ಪದ ಬೇಕಾಗಲಿಲ್ಲ. ಮಂಜಮ್ಮ ಎಂಬ ಹೆಸರಿನ ಬಾಲವೂ ಅವರು ಎಂಬ ಬಹುವಚನವೂ ಸಾಕಾದವು.

ಆಚರಣೆಗೆ ಬೇಕಾದದ್ದು ಹೆಚ್ಚೇನಿಲ್ಲ. ಅರ್ಜಿ ನಮೂನೆಗಳಲ್ಲಿ ಗೌರವಪದದ ಚೌಕವೇ ಇರಬೇಕಾಗಿಲ್ಲ. ಸಾಲ, ಪಡಿತರ, ಗೇಟ್ ಪಾಸು, ಚಿಕಿತ್ಸೆ ಯಾವುದಕ್ಕೂ ಅದರಿಂದ ತಿಳಿಯಬೇಕಾದ ಸಂಗತಿ ಇಲ್ಲ. ಮದುವೆಯ ವಿವರ ನಿಜವಾಗಿ ಬೇಕಾದ ಕಡೆ, ವಿಧವಾ ವೇತನದಂಥ ಕಡೆ, ಅದನ್ನು ನೇರವಾಗಿ ಕೇಳಬಹುದು. ಗುರುತಿಗೆ ಹೆತ್ತವರ ಹೆಸರು ಬೇಕಾದರೆ ಗಂಡಸಿಗೂ ಹೆಂಗಸಿಗೂ ಹೆತ್ತವರ ಹೆಸರನ್ನೇ ಕೇಳಬೇಕು. ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ಪೂರ್ತಿ ಹೆಸರು ಬರೆದರೆ ಸಾಕು. ಗೌರವಪದ ಬಿಡಲಾಗದ ಕಡೆ ಎಲ್ಲ ಹೆಂಗಸರಿಗೂ ಮಿಜ್, ಆಕೆ ಬೇರೆ ಪದ ಬಯಸಿ ಹೇಳಿದರೆ ಆ ಪದ. ಕನ್ನಡದಲ್ಲಿ ಬರೆಯುವಾಗ ಹೆಸರಿನ ಹಿಂದೆ ಅವರು, ಮಾತಿನಲ್ಲಿ ರೀ. ಕೂಲಿಯ ಮಸ್ಟರ್ ರೋಲಿನಲ್ಲಿ, ಕೂಗುವ ಬಾಯಲ್ಲಿ ಹೆಸರನ್ನು ಕತ್ತರಿಸದೆ ಇಡಿಯಾಗಿ ಆಡಬೇಕು: ಮಲ್ಲಪ್ಪ, ನಾಗಮ್ಮ, ಶಾಂತಾಬಾಯಿ, ಹುಸೇನ್‌ಬಿ. ಕೋಡ್ಲಾದ ಗೇಟಿನಲ್ಲಿ ಬೆಳಗಿನ ಪಾಳಿಗೆ ನಿಂತವಳನ್ನು ಕಾವಲುಗಾರ 'ಬರ್ರಿ ನಾಗಮ್ಮ' ಎಂದು ಒಳಗೆ ಕರೆಯಲು ಇವತ್ತಿನ ಭಾಷೆಯೇ ಸಾಕು.